ಜಪಾನಿನಲ್ಲಿ ಹಮಾಚಿ, ಬುರಿ ಎರಡೂ ಒಂದೇ ಮೀನಾ? ಮತ್ತೆ ಬೆಲೆ ಯಾಕೆ ಬೇರೆ?

ಎರಡೂ ಒಂದೇ ಮೀನು. ಟೋಕಿಯೊ ಹೋಟೆಲಿನ ಮೆನುವಿನಲ್ಲಿ ಹಮಾಚಿಗೊಂದು, ಬುರಿಗೊಂದು ಬೆಲೆ ಇತ್ತು, ಫೋನಿನಲ್ಲಿ ಅನುವಾದ ಮಾಡಿದರೆ ಎರಡಕ್ಕೂ ಇಂಗ್ಲಿಷಿನ 'ಯೆಲ್ಲೋಟೇಲ್' ಅಂತಲೇ ಬಂತು ಅಂತ ಕೇಳಿದ್ದೀರಿ. ಫೋನ್ ತೋರಿಸಿದ್ದು ತಪ್ಪಲ್ಲ. ಹಾಗಂತ ಎರಡು ಬೆಲೆ ಹಾಕಿದ ಹೋಟೆಲಿನವರೂ ಮೋಸ ಮಾಡುತ್ತಿಲ್ಲ.

ನಾವು ಮಾವಿಗೆ ಏನು ಮಾಡುತ್ತೇವೆ ನೋಡಿ. ಮಿಡಿ, ಕಾಯಿ, ದೋರೆಗಾಯಿ, ಹಣ್ಣು. ಮರ ಒಂದೇ, ಆದರೆ ಮಿಡಿ ಕೇಳಿದವರಿಗೆ ಹಣ್ಣು ಕೊಟ್ಟರೆ ಉಪ್ಪಿನಕಾಯಿ ಹಾಕೋಕಾಗುತ್ತಾ? ಜಪಾನಿನವರು ಇದನ್ನೇ ಮೀನಿಗೆ ಮಾಡುತ್ತಾರೆ. ಬೆಳೆದ ಹಾಗೆ ಹೆಸರು ಬದಲಾಗುವ ಮೀನುಗಳಿಗೆ 'ಶುಸ್ಸೆ-ಉವೊ' ಅನ್ನುತ್ತಾರೆ. ಶುಸ್ಸೆ ಅಂದರೆ ಬಡ್ತಿ, ಉವೊ ಅಂದರೆ ಮೀನು. ಹಿಂದೆ ಸಮುರಾಯ್ ಮನೆಯ ಹುಡುಗರು ದೊಡ್ಡವರಾದಾಗ ಹೊಸ ಹೆಸರು ಇಟ್ಟುಕೊಳ್ಳುತ್ತಿದ್ದರು. ಮುಂದೆ ಜಪಾನನ್ನೇ ಆಳಿದ ತೊಕುಗಾವಾ ಇಯೆಯಾಸು ಹುಟ್ಟಿದಾಗ ತಾಕೆಚಿಯೊ, ಆಮೇಲೆ ಮೊತೊನೊಬು, ಮೊತೊಯಾಸು, ಕೊನೆಗೆ ಇಯೆಯಾಸು. ಅದೇ ಮರ್ಯಾದೆ ಮೀನಿಗೂ.

ಟೋಕಿಯೊ ಕಡೆ ಮರಿ ಇದ್ದಾಗ ವಾಕಾಶಿ, ಸ್ವಲ್ಪ ಬೆಳೆದರೆ ಇನಾಡಾ, 60 ಸೆಂ.ಮೀ. ದಾಟಿದರೆ ವಾರಾಸಾ, 80 ದಾಟಿದರೆ ಬುರಿ. ಒಸಾಕಾ ಕಡೆ ಲೆಕ್ಕ ಬೇರೆ: ತ್ಸುಬಾಸು, ಹಮಾಚಿ, ಮೆಜಿರೊ, ಬುರಿ. ಕೊನೆಯ ಬಡ್ತಿ ಮಾತ್ರ ಎರಡೂ ಕಡೆ ಒಂದೇ.

ನಾನು ಮೊದಲು ಇದ್ದದ್ದು ಒಸಾಕಾದಲ್ಲಿ. ಟೋಕಿಯೊಗೆ ಬಂದ ಹೊಸದರಲ್ಲಿ ಮನೆ ಹತ್ತಿರದ ಮೀನಂಗಡಿಗೆ ಹೋಗಿ "ಮೆಜಿರೊ ಇದೆಯಾ?" ಅಂದೆ. ಅಂಗಡಿಯಾತ ಚಾಕು ಕೆಳಗಿಟ್ಟು, ಹೊರಗೆ ಬಂದು, ರೈಲ್ವೆ ಸ್ಟೇಷನ್ ಕಡೆ ಕೈ ತೋರಿಸಿದ! ಟೋಕಿಯೊದಲ್ಲಿ ಮೆಜಿರೊ ಅನ್ನೋದು ಯಾಮಾನೋಟೆ ರೈಲು ಮಾರ್ಗದ ಒಂದು ಸ್ಟೇಷನ್. ಅಷ್ಟು ಸಾಲದು ಅಂತ, ಒಂದು ಪುಟ್ಟ ಹಸಿರು ಹಕ್ಕಿಗೂ ಅದೇ ಹೆಸರು. ನಾನು ಸುಮ್ನೆ ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ.

ಈಗ ಬೆಲೆ ವಿಷಯ. ಈ ಮೀನನ್ನು ಸಾಕುವುದು ಶುರುವಾದದ್ದು 1928ರ ಹೊತ್ತಿಗೆ, ಪಶ್ಚಿಮ ಜಪಾನಿನ ಕಾಗಾವಾದಲ್ಲಿ. ಸಾಕಿದ ಮೀನಿನ ಜೊತೆ ಆ ಕಡೆಯ 'ಹಮಾಚಿ' ಅನ್ನೋ ಹೆಸರೂ ಟೋಕಿಯೊಗೆ ಬಂತು. ಹಾಗಾಗಿ ಅಲ್ಲಿ ಹಮಾಚಿ ಅಂದರೆ ಸಾಮಾನ್ಯವಾಗಿ ಸಾಕಿದ್ದು, ಗಾತ್ರ ಎಷ್ಟೇ ಇರಲಿ. ವರ್ಷವಿಡೀ ಸಿಗುತ್ತೆ, ಮೆತ್ತಗೆ, ಕೊಬ್ಬು ಜಾಸ್ತಿ. ಬುರಿ ಅಂದರೆ ಹೆಚ್ಚಾಗಿ ಕಡಲಲ್ಲಿ ಹಿಡಿದ ದೊಡ್ಡ ಮೀನು. ಚಳಿಗಾಲದ್ದಾದರೆ ಅದಕ್ಕೆ 'ಕಂಬುರಿ' ಅಂತ ಇನ್ನೊಂದು ಬಿರುದು. ತೊಯಾಮಾ ಕೊಲ್ಲಿಯ ಹಿಮಿ ಬಂದರಿನದು ಅಂದರಂತೂ ಬೆಲೆ ಕೇಳಲೇಬೇಡಿ. ಆ ಊರ ಕಡೆ ಮದುವೆಯಾದ ಮೊದಲ ವರ್ಷದ ಕೊನೆಗೆ ಹುಡುಗಿಯ ತವರಿನಿಂದ ಗಂಡನ ಮನೆಗೆ ಒಂದು ಇಡೀ ಬುರಿ ಹೋಗುತ್ತೆ. ಮೀನಿನ ಹಾಗೆ ಅಳಿಯನಿಗೂ ಬಡ್ತಿ ಸಿಗಲಿ ಅಂತ. ಬಾಗಿನದ ಬದಲು ಏಳೆಂಟು ಕೆಜಿ ಮೀನು!

ಆದರೆ ಎಲ್ಲ ಮೀನಿಗೂ ಬಡ್ತಿ ಜೊತೆ ಸಂಬಳ ಏರಲ್ಲ. ಕೊನೊಶಿರೊ ಅಂತ ಒಂದಿದೆ, ನಮ್ಮ ಬೂತಾಯಿಯ ದೂರದ ನೆಂಟ ಅನ್ನಬಹುದು. ಅದರ ಬೆರಳುದ್ದದ ಮರಿಗೆ ಶಿಂಕೊ ಅಂತ ಹೆಸರು, ಬೇಸಿಗೆಯಲ್ಲಿ ಸುಶಿ ಅಂಗಡಿಗಳಲ್ಲಿ ಚಿನ್ನದ ಬೆಲೆ. ಸ್ವಲ್ಪ ಬೆಳೆದರೆ ಕೊಹಾಡಾ, ಬೆಲೆ ಇಳಿಯಿತು. ಪೂರ್ತಿ ಬೆಳೆದು ಕೊನೊಶಿರೊ ಆದರೆ ಕೇಳೋರೇ ಕಡಿಮೆ.

ನೀವು ತಿನ್ನೋದು ಡಿಸೆಂಬರ್, ಜನವರಿಯಲ್ಲಾದರೆ ಜಾಸ್ತಿ ಕೊಟ್ಟು ಬುರಿಯನ್ನೇ ತಗೊಳ್ಳಿ. ಹಸಿ ಮೀನು ಆಗಲ್ಲ ಅಂದರೆ 'ಬುರಿ ದೈಕೊನ್' ಕೇಳಿ. ತಲೆ, ಮೂಳೆ ತುಂಡುಗಳ ಮೇಲೆ ಮೊದಲು ಬಿಸಿನೀರು ಸುರಿದು ವಾಸನೆ ತೆಗೆಯುತ್ತಾರೆ. ಆಮೇಲೆ ದಪ್ಪ ಮೂಲಂಗಿ, ಶುಂಠಿ, ಸೋಯಾ ಸಾಸ್ ಹಾಕಿ ಮೂಲಂಗಿ ಬೆಲ್ಲದ ಬಣ್ಣಕ್ಕೆ ಬರೋವರೆಗೆ ಬೇಯಿಸುತ್ತಾರೆ. ನನಗಂತೂ ಅದರಲ್ಲಿ ಮೀನಿಗಿಂತ ಮೂಲಂಗಿಯೇ ಇಷ್ಟ. ಬೇಸಿಗೆಯಲ್ಲಾದರೆ ಹಮಾಚಿ ಸಾಕು. ಆ ಹೊತ್ತಿಗೆ ಕಡಲ ಬುರಿ ಬಡಕಲಾಗಿರುತ್ತೆ.