ಬೀಳು ಜಮೀನಿಗೆ ಗಿಡ ನೆಡಬೇಡಿ ಸ್ವಾಮಿ

ಜೂನ್ ಬಂತು ಅಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಊರಿಂದ ಬರುತ್ತದೆ. ಈ ಸಲ ನಾಗಮಂಗಲ ಕಡೆಯ ಓದುಗರೊಬ್ಬರದ್ದು ಎತ್ತಿಕೊಂಡಿದ್ದೇನೆ. ಮಿಕ್ಕವರೂ ಇದನ್ನೇ ಓದಿಕೊಳ್ಳಿ.

ಪ್ರಶ್ನೆ: ನಮ್ಮದು ಮೂರು ಎಕರೆ ಬೀಳು. ಹುಲ್ಲು, ಕಲ್ಲು ಬಿಟ್ಟರೆ ಏನಿಲ್ಲ. ನೆಲದ ಮೇಲೆ ಓಡಾಡುವ ಹಕ್ಕಿಗಳು ಜಾಸ್ತಿ. ಅವಕ್ಕೆ ಅನುಕೂಲ ಆಗಲಿ ಅಂತ ಹೊಂಗೆ ಹಾಕಲೋ, ಸಿಲ್ವರ್ ಓಕ್ ಹಾಕಲೋ? ಬೀಜದುಂಡೆ ಕೊಡುವವರೂ ಸಿಕ್ಕಿದ್ದಾರೆ.

ಉತ್ತರ: ಎರಡೂ ಬೇಡ. ಬೀಜದುಂಡೆ ಬೇಡವೇ ಬೇಡ. ಹುಲ್ಲುಗಾವಲು ಕಂಡಲ್ಲೆಲ್ಲ ಬೀಜದುಂಡೆ ಎಸೆದು ಫೋಟೊ ತೆಗೆಸಿಕೊಳ್ಳುವವರಿಗೆ ಒಂದು ಮಾತು ಹೇಳಬೇಕಿತ್ತು, ಇಲ್ಲೇ ಹೇಳಿಬಿಡುತ್ತೇನೆ: ಅಲ್ಲಿ ಮರ ಇಲ್ಲ ಅಂತಲೇ ಆ ಹಕ್ಕಿಗಳು ಅಲ್ಲಿವೆ. ನೆಲಗುಬ್ಬಿ, ಟಿಟ್ಟಿಭ, ಗೌಜಲಕ್ಕಿ ಎಲ್ಲ ನೆಲದಲ್ಲೇ ಮೊಟ್ಟೆ ಇಡುತ್ತವೆ. ಬಯಲಲ್ಲಿ ಗೂಡು ಮಾಡುವ ಟಿಟ್ಟಿಭಕ್ಕೆ ದೂರದಿಂದಲೇ ನಾಯಿ, ನರಿ ಕಾಣಬೇಕು. ನೀವು ಮರ ಬೆಳೆಸಿದರೆ ಕಾಗೆಗೆ ಕೂತು ನೋಡಲು ಜಾಗ ಮಾಡಿಕೊಟ್ಟಂತೆ. ನೆರಳು ಬಿದ್ದ ಕಡೆ ಹುಲ್ಲೂ ಸೊರಗುತ್ತದೆ.

ಹಾಗಂತ ಸುಮ್ನೆ ಬೇಲಿ ಹಾಕಿ ಬಿಟ್ಟುಬಿಡುವುದೂ ಅಲ್ಲ. ಕುರಿ, ದನ ಪೂರ್ತಿ ನಿಲ್ಲಿಸಿದರೆ ನಾಲ್ಕೈದು ವರ್ಷದಲ್ಲಿ ಲಂಟಾನ, ಬಳ್ಳಾರಿ ಜಾಲಿ ತುಂಬಿಕೊಳ್ಳಬಹುದು, ಆಮೇಲೆ ಜೆಸಿಬಿ ತರಿಸಬೇಕು. ಹಿತಮಿತವಾಗಿ ಮೇಯಲಿ. ಜಾಲಿ ಸಸಿ ಕಂಡಾಗ ಬೇರುಸಮೇತ ಕೀಳಿ. ಆದರೆ ಗೂಡಿನ ಕಾಲದಲ್ಲಿ ಗೊಬ್ಬರದ ಆಸೆಗೆ ಅಲ್ಲಿ ಕುರಿಮಂದೆ ನಿಲ್ಲಿಸಬೇಡಿ, ಒಂದು ರಾತ್ರಿ ಸಾಕು ಎಲ್ಲ ತುಳಿದುಹೋಗಲು.

ಮೂರೂ ಎಕರೆ ಬಿಡಿ ಅಂತ ನಾನು ಹೇಳುವುದಿಲ್ಲ, ಹೊಟ್ಟೆಪಾಡು ಇದೆಯಲ್ಲ. ಎರಡರಲ್ಲಿ ರಾಗಿ, ಹುರುಳಿ ಹಾಕಿ. ಹುರುಳಿ ಹೊಲ ನೆಲಗುಬ್ಬಿಗೂ ಒಗ್ಗುತ್ತದೆ. ತೊಂದರೆ ಬರುವುದು ಉಳುಮೆಯ ಹೊತ್ತಿಗೆ. ಅಶ್ವಿನಿ, ಭರಣಿ ಮಳೆ ಬಿದ್ದ ಮರುದಿನ ಎಲ್ಲರೂ ಟ್ರ್ಯಾಕ್ಟರ್ ಇಳಿಸುತ್ತಾರೆ, ಟಿಟ್ಟಿಭ ಕಾವು ಕೂರುವುದೂ ಆಗಲೇ. ಇಳಿಸುವ ಮುಂಚೆ ಬೆಳಿಗ್ಗೆ ಒಂದು ಸುತ್ತು ಹೊಲ ನಡೆದು ಬನ್ನಿ. ಗೂಡು ಅಂದರೆ ಅಂಗೈ ಅಗಲದ ತಗ್ಗು, ಸುತ್ತ ಸಣ್ಣ ಕಲ್ಲು, ಆಡಿನ ಹಿಕ್ಕೆ, ನಡುವೆ ಚೂಪು ತುದಿ ಒಳಗೆ ಮಾಡಿದ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ, ಮೇಲೇ ಕಾಲಿಟ್ಟರೂ ಗೊತ್ತಾಗುವುದಿಲ್ಲ. ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ಓಡಿದರೆ ಅದರ ಹಿಂದೆ ಹೋಗಬೇಡಿ. ಅದು ನಾಟಕ, ಗೂಡು ಹತ್ತಿರದಲ್ಲೇ ಇದೆ. ಸುತ್ತ ಮೂರು ನಾಲ್ಕು ಮಾರು ಬಿಟ್ಟು ಉತ್ತುಕೊಳ್ಳಿ. ಗುರುತಿಗೆ ಎರಡು ಕಲ್ಲು ಸಾಕು, ಕೋಲು ನೆಟ್ಟರೆ ಕಾಗೆಗೇ ಕರೆ ಕೊಟ್ಟಂತೆ. ಕಾವು ಸುಮಾರು ನಾಲ್ಕು ವಾರ. ಮರಿಗಳು ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಓಡುತ್ತವೆ, ಆಮೇಲೆ ಆ ತುಂಡನ್ನೂ ಉತ್ತುಕೊಳ್ಳಬಹುದು.

ಮೇವಿನ ಹುಲ್ಲನ್ನು ದೀಪಾವಳಿ ಕಳೆದ ಮೇಲೆ ಕೊಯ್ಯಿಸಿ, ಅದೂ ನಡುವಿನಿಂದ ಅಂಚಿಗೆ, ಒಳಗಿದ್ದವು ಓಡಿಹೋಗಲಿ. ಒಂದು ಪಟ್ಟೆ ಹಾಗೇ ನಿಲ್ಲಲಿ. ಚಳಿಗಾಲಕ್ಕೆ ಕಜಕಿಸ್ತಾನದ ಕಡೆಯಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ರಾತ್ರಿ ಮಲಗುವುದು ಇಂಥ ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆ. ಹಗಲು ಅವು ಹಿಡಿದು ತಿನ್ನುವುದರಲ್ಲಿ ನಿಮ್ಮ ಬೆಳೆ ಮೇಯುವ ಮಿಡತೆಯೂ ಸೇರಿದೆ. ಹುಲ್ಲಿಗೆ ಬೆಂಕಿ ಹಚ್ಚುವುದು, ಬದುಗಳಿಗೆ ಕಳೆನಾಶಕ ಹೊಡೆಯುವುದು, ಎರಡನ್ನೂ ಇವತ್ತೇ ಬಿಡಿ. ಅಂಗಡಿಯವನು ‘ಹಕ್ಕಿಗೇನೂ ಆಗಲ್ಲ ಅಣ್ಣ’ ಅಂದರೆ ನಂಬಬೇಡಿ. ಬದುವಿನ ಹುಲ್ಲು, ಹುಳ ಹೋದ ಮೇಲೆ ಮರಿಗೆ ತಿನ್ನಲು ಏನಿರುತ್ತದೆ? ಕೀಟನಾಶಕದ ಕಥೆ ಬೇಕಾದರೆ ಅರ್ಜೆಂಟೀನಾದ್ದು ಕೇಳಿ: 1995-96ರಲ್ಲಿ ಹೊಲಕ್ಕೆ ಹೊಡೆದ ಮಾನೋಕ್ರೊಟೊಫಾಸ್‌ನಿಂದ ಮಿಡತೆ ತಿನ್ನುವ ಗಿಡುಗಗಳು ಸಾವಿರಗಟ್ಟಲೆ ಸತ್ತವು.

ಇನ್ನು ನಿಮ್ಮ ತೋಟದ ನಾಯಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಟ್ಟಿಹಾಕಿ. ಈ ಮಾತಿಗೆ ಎಲ್ಲರೂ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಪ್ರಶ್ನೆ: ಹಕ್ಕಿ ಗೂಡು ಕಟ್ಟಿದರೆ ಅರಣ್ಯ ಇಲಾಖೆ ಜಮೀನು ಕಿತ್ತುಕೊಳ್ಳುತ್ತದಂತೆ? (ಪಿರಿಯಾಪಟ್ಟಣ)

ಉತ್ತರ: ಯಾರು ಹೇಳಿದ್ದು? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಹೆಜ್ಜಾರ್ಲೆಗಳು (ಪೆಲಿಕನ್) ಜನರ ಹಿತ್ತಲ ಮರದಲ್ಲೇ ಗೂಡು ಕಟ್ಟುತ್ತವೆ, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು, ಊರು ಊರಾಗಿಯೇ ಇದೆ. ಖಾಸಗಿ ಜಮೀನನ್ನು ಹಾಗೆ ಘೋಷಿಸಲು ಮಾಲೀಕರೇ ಮುಂದೆ ಬರಬೇಕು ಅಂತ ಕಾನೂನಿದೆ.

ಪ್ರಶ್ನೆ: ಗೌಜಲಕ್ಕಿ ಮಾಂಸ ಉಬ್ಬಸಕ್ಕೆ ಔಷಧಿ ಅಂತ ನಮ್ಮೂರಿನ ನಾಟಿ ವೈದ್ಯರು ಹೇಳುತ್ತಾರೆ. (ಹುಣಸೂರು)

ಉತ್ತರ: ಹಿಡಿದರೆ ಕೇಸು, ಮಾರಿದರೂ ಕೇಸು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಉಬ್ಬಸಕ್ಕೆ ಆಸ್ಪತ್ರೆಗೆ ಹೋಗಿ. ಆ ವೈದ್ಯರಿಗೂ ಇದನ್ನು ಓದಿ ಹೇಳಿ.

ಪ್ರಶ್ನೆ: ಹೊಲದಲ್ಲಿ ಕಾಳು ಚೆಲ್ಲಲಾ?

ಉತ್ತರ: ಬೇಡ. ಪಾರಿವಾಳ, ಕಾಗೆ ಬರುತ್ತವೆ ಅಷ್ಟೆ.

ಪ್ರಶ್ನೆ: ಸರ್, ಟಿಟ್ಟಿಭದ ಗೂಡು ಇರುವ ಲೊಕೇಶನ್ ಕಳಿಸುತ್ತೀರಾ? ಫೋಟೊ ತೆಗೆಯಬೇಕು. (ಮೈಸೂರು)

ಉತ್ತರ: ಇಲ್ಲ. ನೀವು ಕ್ಯಾಮೆರಾ ಹಿಡಿದು ಅರ್ಧ ಗಂಟೆ ಕೂತರೆ ತಾಯಿ ದೂರ ನಿಂತಿರುತ್ತದೆ, ಮೇ ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತದೆ. ಮತ್ತೆ ಕೇಳಬೇಡಿ.