ಐದೂವರೆ ತಾಸು ಮುಂದೆ ಹೋದ ದಾಖಲೆ

ಪ್ರಶ್ನೆ: ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಉಷ್ಣಾಂಶ ಯಂತ್ರ ‘15/01/2025 10:30’ ಎಂದು ಸಮಯ ಬರೆಯುತ್ತದೆ. ಪೈಥಾನ್‌ನಲ್ಲಿ ಅದನ್ನು ಯುನಿಕ್ಸ್ ಟೈಮ್ ಮಾಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಬರುತ್ತದೆ. ಅದೇ ಪ್ರೋಗ್ರಾಮ್ ಸರ್ವರ್‌ನಲ್ಲಿ ಓಡಿಸಿದರೆ ಮೊಬೈಲ್‌ನಲ್ಲಿ ಸಂಜೆ 4 ಗಂಟೆ ಎಂದು ಕಾಣುತ್ತದೆ. ಯಾಕೆ?
– ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಯಂತ್ರ ಬರೆದ ಸಮಯದಲ್ಲಿ ಅದು ಯಾವ ಊರಿನ ಗಡಿಯಾರ ಎಂಬುದೇ ಇಲ್ಲ. ಯುನಿಕ್ಸ್ ಟೈಮ್ ಅಂದರೆ 1970ರ ಜನವರಿ 1ರ ಯುಟಿಸಿ (ಜಗತ್ತಿನ ಮಾನಕ ಸಮಯ) ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡು. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ತಾಸು ಮುಂದೆ. ಸಮಯ ವಲಯ ಹೇಳದಿದ್ದರೆ ಪೈಥಾನ್ ತಾನು ಓಡುತ್ತಿರುವ ಕಂಪ್ಯೂಟರಿನ ವಲಯವನ್ನೇ ಹಿಡಿಯುತ್ತದೆ. ಸರ್ವರ್‌ಗಳು ಹೆಚ್ಚಾಗಿ ಯುಟಿಸಿಯಲ್ಲಿರುತ್ತವೆ. ಹಾಗಾಗಿ 1736917200 ಬರಬೇಕಾದಲ್ಲಿ 1736937000 ಬಂದಿದೆ. ವ್ಯತ್ಯಾಸ 19,800 ಸೆಕೆಂಡು, ಅಂದರೆ ಸರಿಯಾಗಿ ಐದೂವರೆ ತಾಸು.

ಸರ್ವರ್‌ನ ವಲಯ ಬದಲಿಸಲು ಹೋಗಬೇಡಿ. ನಾಳೆ ಬೇರೆ ಸರ್ವರ್‌ಗೆ ಹೋದಾಗ ಮತ್ತೆ ಅದೇ ತಪ್ಪು. ಬರಹವನ್ನು ಸಮಯವಾಗಿ ಓದುವ ‘ಸ್ಟ್ರಿಪ್‌ಟೈಮ್’ಗೆ (strptime) ದಿನ, ತಿಂಗಳು, ವರ್ಷದ ಕ್ರಮ ಕೊಟ್ಟು ಓದಿಸಿ. ಬಂದ ಸಮಯಕ್ಕೆ ‘ರಿಪ್ಲೇಸ್’ ಮೂಲಕ ಪೈಥಾನ್‌ನದೇ ಸಮಯ ವಲಯಗಳ ಮಾಡ್ಯೂಲ್ ಆದ ಝೋನ್‌ಇನ್ಫೋದ ‘ಏಷ್ಯಾ/ಕೋಲ್ಕತ್ತಾ’ ವಲಯ ಅಂಟಿಸಿ, ಆಮೇಲೆ ‘ಟೈಮ್‌ಸ್ಟ್ಯಾಂಪ್’ ಕರೆಯಿರಿ. ‘ಆ್ಯಸ್‌ಟೈಮ್‌ಝೋನ್’ ಇಲ್ಲಿ ಕೆಲಸಕ್ಕೆ ಬಾರದು, ಅದು ಮೊದಲೇ ಸರ್ವರ್‌ನ ವಲಯ ಹಿಡಿದು ಲೆಕ್ಕ ಮಾಡುತ್ತದೆ. ಝೋನ್‌ಇನ್ಫೋ ಪೈಥಾನ್ 3.9ರಿಂದ ಇದೆ, ವಿಂಡೋಸ್‌ನಲ್ಲಿ ‘ಟಿಝಡ್‌ಡೇಟಾ’ ಪ್ಯಾಕೇಜನ್ನೂ ಹಾಕಿಕೊಳ್ಳಿ.

ಸಮಯ ವಲಯಗಳ ಹಳೆಯ ಪ್ಯಾಕೇಜ್ ‘ಪೈಟಿಝಡ್’ ಬಳಸುವವರು ‘ರಿಪ್ಲೇಸ್’ ಮಾಡಿದರೆ ಸಮಯ 23 ನಿಮಿಷ ಹಿಂದೆ ಬೀಳುತ್ತದೆ. ಅದು ಯುಟಿಸಿಗಿಂತ 5 ತಾಸು 53 ನಿಮಿಷ ಮುಂದಿದ್ದ ಕೋಲ್ಕತ್ತಾದ ಹಳೆಯ ಸ್ಥಳೀಯ ಸಮಯವನ್ನು ಹಿಡಿಯುವುದೇ ಕಾರಣ. ಅಲ್ಲಿ ‘ರಿಪ್ಲೇಸ್’ ಬದಲು ‘ಲೋಕಲೈಸ್’ ಬೇಕು.

ಈಗಾಗಲೇ ಸೇರಿರುವ ದಾಖಲೆಗಳ ಪ್ರತಿ ತೆಗೆದಿಟ್ಟು, ಸರ್ವರ್‌ನಲ್ಲಿ ಬದಲಿಸಿದವಕ್ಕೆ ಮಾತ್ರ 19,800 ಕಳೆಯಿರಿ. ಲ್ಯಾಪ್‌ಟಾಪ್‌ನಿಂದ ಹೋದವು ಸರಿಯಾಗಿಯೇ ಇವೆ, ಅವನ್ನು ಮುಟ್ಟಬೇಡಿ.

ಪ್ರಶ್ನೆ: ನಮ್ಮ ಫೌಂಡ್ರಿಗೆ ನ್ಯೂಯಾರ್ಕ್‌ನಿಂದ ಬರುವ ಆರ್ಡರ್‌ಗಳ ಸಮಯಕ್ಕೆ 5 ತಾಸು ಕೂಡಿಸಿ ಯುಟಿಸಿ ಮಾಡಿದರೆ ಸಾಲದೇ?
– ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಚಳಿಗಾಲಕ್ಕೆ ಸಾಕು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ತಾಸು ಮುಂದಿರುತ್ತದೆ, ಆಗ 4 ಕೂಡಿಸಬೇಕು. ‘ಅಮೆರಿಕಾ/ನ್ಯೂಯಾರ್ಕ್’ ವಲಯ ಕೊಟ್ಟರೆ ಝೋನ್‌ಇನ್ಫೋ ಇದನ್ನು ತಾನೇ ನೋಡಿಕೊಳ್ಳುತ್ತದೆ. ಗಡಿಯಾರ ಹಿಂದೆ ಸರಿಯುವ ರಾತ್ರಿ ಮಾತ್ರ ಅದಕ್ಕೂ ತಿಳಿಯದು: 2025ರ ನವೆಂಬರ್ 2ರಂದು ಅಲ್ಲಿ 1:30 ಎರಡು ಸಲ ಬಂತು, ಮೊದಲನೆಯದು 1762061400, ಎರಡನೆಯದು 1762065000. ಏನೂ ಹೇಳದಿದ್ದರೆ ಪೈಥಾನ್ ಮೊದಲನೆಯದನ್ನು ಹಿಡಿಯುತ್ತದೆ. ಎರಡನೆಯದು ಬೇಕಿದ್ದರೆ ‘ಫೋಲ್ಡ್’ ಬೆಲೆ 1 ಇಡಬೇಕು. ಯಾವುದೆಂದು ಬರೀ 1:30 ನೋಡಿ ಹೇಳಲಾಗದು. ಸಮಯದ ಕೊನೆಗೆ -04:00 ಅಥವಾ -05:00 (ಯುಟಿಸಿಗಿಂತ ಎಷ್ಟು ತಾಸು ಹಿಂದೆ ಎಂಬ ಗುರುತು) ಸೇರಿಸಿಯೇ ಕಳಿಸುವಂತೆ ಗ್ರಾಹಕರನ್ನು ಕೇಳಿಕೊಳ್ಳಿ.