ಕ್ರೇನ್ ಹಕ್ಕಿ ನೋಡಬೇಕಾ? ಕಾರಿಂದ ಇಳಿಯಬೇಡಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಹೊಸಬರು, ಶನಿವಾರ ಭಾನುವಾರ ಬೇಜಾರು, ಊರಾಚೆ ಮೆಕ್ಕೆಜೋಳದ ಹೊಲದಲ್ಲಿ ಎದೆಮಟ್ಟದ ಬೂದು ಹಕ್ಕಿಗಳನ್ನು ಕಂಡೆ, ಹತ್ತಿರ ಹೋಗಬಹುದಾ ಅಂತ ಕೇಳಿದ್ದೀರಿ.

ನೆತ್ತಿ ಕೆಂಪಗಿತ್ತು ಅಂದಿರಲ್ಲ, ಹಾಗಾದರೆ ಅದು ಸ್ಯಾಂಡ್‌ಹಿಲ್ ಕ್ರೇನೇ, ನಮ್ಮ ಸಾರಸದ ಜಾತಿಯದು. ಆ ಕೆಂಪು ಪುಕ್ಕವಲ್ಲ, ಬೋಳು ಚರ್ಮ. ಇಲ್ಲಿ ಹೆರಾನ್, ಅಂದರೆ ಬಕ ಕೂಡ ಬೂದುಬಣ್ಣದ್ದೇ. ಆದರೆ ಅದು ಕತ್ತು ಮಡಚಿಕೊಂಡು ಹಾರುತ್ತದೆ, ಕ್ರೇನ್ ಕತ್ತು ಚಾಚಿ ಹಾರುತ್ತದೆ.

ನಮ್ಮೂರಲ್ಲಿ ಯಾರ ಹೊಲದ ಬದುವಿನ ಮೇಲೆ ನಡೆದು ಹೋದರೂ ಕೇಳುವವರಿಲ್ಲ, ಅಲ್ವಾ? ಇಲ್ಲಿ ಬೇಲಿ ಇಲ್ಲದಿದ್ದರೂ ಮಾಲೀಕರ ಒಪ್ಪಿಗೆಯಿಲ್ಲದೆ ಕಾಲಿಡಬೇಡಿ. ಒಳಗೆ ಹೋಗುವ ಅಗತ್ಯವೂ ಇಲ್ಲ. ವಾಹನ ಕಡಿಮೆ ಇರುವ ರಸ್ತೆಯಲ್ಲಿ, ಪಕ್ಕಕ್ಕೆ ಜಾಗವಿರುವ ಕಡೆ ಕಾರು ನಿಲ್ಲಿಸಿ, ಗಾಜು ಇಳಿಸಿ ಸುಮ್ನೆ ಕೂತಿರಿ. ಕಾರಿಗೆ ಅವು ಅಷ್ಟಾಗಿ ಹೆದರುವುದಿಲ್ಲ. ನೀವು ಬಾಗಿಲು ತೆಗೆದಿರೋ, ಎಲ್ಲ ಹಾರಿಹೋಗುತ್ತವೆ!

ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಒಳ್ಳೆಯ ಕಾಲ. ಕಟಾವಿನ ಯಂತ್ರ ಉದುರಿಸಿಹೋದ ಕಾಳು ಹೆಕ್ಕಲು ಗುಂಪುಗುಂಪಾಗಿ ಬರುತ್ತವೆ. ಗುಂಪಿನೊಳಗೆ ಮೂರು ಮೂರಾಗಿ ಓಡಾಡುವುದನ್ನು ಗಮನಿಸಿ. ಎರಡಕ್ಕೆ ನೆತ್ತಿ ಕೆಂಪು, ಒಂದಕ್ಕೆ ಇನ್ನೂ ಕಂದು. ಅದು ಈ ವರ್ಷದ ಮರಿ. ಅಪ್ಪ ಅಮ್ಮನ ದನಿ ಮೈಲಿ ದೂರಕ್ಕೂ ಗರಗರ ಕೇಳಿಸಿದರೆ, ಅಷ್ಟೆತ್ತರ ಬೆಳೆದ ಈ ಮರಿ ಇನ್ನೂ ಕೋಳಿಮರಿಯ ಹಾಗೆ ಪೀಂ ಪೀಂ ಅನ್ನುತ್ತಿರುತ್ತದೆ. ನನಗಂತೂ ಅದನ್ನು ಕೇಳಿದಾಗಲೆಲ್ಲ ನಗು.

ಸಂಜೆಗೆ ಬ್ಯಾರಬೂ ಹತ್ತಿರ ವಿಸ್ಕಾನ್ಸಿನ್ ನದಿಯ ಕಡೆ ಹೋಗಿ. ಕತ್ತಲಾಗುವಾಗ ಸಾವಿರಾರು ಕ್ರೇನ್‌ಗಳು ಮರಳದಿಬ್ಬಗಳ ಸುತ್ತಲಿನ ತೆಳುನೀರಿಗೆ ಇಳಿಯುತ್ತವೆ. ನರಿಯೋ, ಸಣ್ಣ ತೋಳದಂಥ ಕೊಯೋಟಿಯೋ ಬಂದರೆ ನೀರಿನ ಸದ್ದಿಗೇ ಎಚ್ಚರವಾಗುತ್ತವೆ. 1930ರ ದಶಕದಲ್ಲಿ ಇಡೀ ರಾಜ್ಯದಲ್ಲಿ ಉಳಿದಿದ್ದದ್ದು ಸುಮಾರು 25 ಜೋಡಿ ಮಾತ್ರ. ಈಗ ರೈತರಿಗೇ ತಲೆನೋವು: ವಸಂತದಲ್ಲಿ ಬಿತ್ತಿದ ಮೆಕ್ಕೆಜೋಳ ಮೊಳಕೆಯೊಡೆದರೆ ಸಾಲುಸಾಲಾಗಿ ಕಿತ್ತು ಕಾಳು ತಿನ್ನುತ್ತವೆ. ಅವರ ಸಿಟ್ಟೂ ನ್ಯಾಯವೇ.

ನವೆಂಬರ್ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ 9 ದಿನ ಬಂದೂಕಿನ ಜಿಂಕೆ ಬೇಟೆ ನಡೆಯುತ್ತದೆ. ಆಗ ಹಳ್ಳಿ ಕಡೆ ಕಾಲ್ನಡಿಗೆ ಬೇಡ, ಹೋಗಲೇಬೇಕಾದರೆ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕಿಕೊಳ್ಳಿ.

ಬೈನಾಕ್ಯುಲರ್ ಕೊಳ್ಳಬೇಡಿ, ನಮ್ಮನೆಯಲ್ಲಿ ಎರಡಿವೆ. ಕಾರು ಇನ್ನೂ ತಗೊಂಡಿಲ್ಲವಾದರೆ ಹೇಳಿ, ಬರುವ ಶನಿವಾರ ನಾವು ಹೋಗುತ್ತಿದ್ದೇವೆ, ಹಿಂದಿನ ಸೀಟು ಖಾಲಿ ಇದೆ.